ಗೌಡರು ನೇಮಿಸಿದ ಮುಲ್ಲಾ

"ಮಸೂತ್ಯಾಗ ಮುಂದ ನಿಂದ್ರವ ಯಾವನಂತ ನೀವ ಆರಿಸ್ಕೊಂಡ್ರೇನ್ಲೇ, ಬೋಳಿಮಕ್ಕಳ್ರಾ?"

ಗೌಡರಾದ ಅಮರಗುಂಡಪ್ಪನವರು ಬದುವಿನ ಮೇಲೆ ನಿಂತು ಕೇಳಿದರು. ನಾವು ಗಂಡು ಹೆಣ್ಣು ಎಲ್ಲ ಮೊಣಕಾಲುದ್ದ ಕೆಸರಿನಲ್ಲಿ ಬಗ್ಗಿ ಅವರ ಗದ್ದೆಗೆ ಭತ್ತದ ಸಸಿ ಹಚ್ಚುತ್ತಿದ್ದೆವು.

ತುರ್ವಿಹಾಳದ ಹತ್ತಿರದ ನಮ್ಮೂರಲ್ಲಿ ಸಾಬರ ಮನೆ ಹದಿನಾರು. ನಮಾಜಿಗೆ ಮುಂದೆ ನಿಲ್ಲುತ್ತಿದ್ದ ಹಳೆಯ ಮುಲ್ಲಾ ತೀರಿಕೊಂಡ ಮೇಲೆ ಎಲ್ಲರೂ ಕೂತು, ಗಾದಿ ಹೊಲಿಯುವ ಜಿಲಾನಿಸಾಬನನ್ನು ಒಪ್ಪಿದ್ದೆವು. ಅವನು ಲಿಂಗಸುಗೂರಿನಲ್ಲಿ ಕುರಾನ್ ಓದಿ ಬಂದವ. ಗೌಡರಿಗೆ ಅದು ಸೇರಲಿಲ್ಲ. ಎಂಬತ್ತೇಳರ ಮಂಡಲ ಪಂಚಾಯ್ತಿ ಚುನಾವಣೆ ಹತ್ತಿರ ಬಂದಿತ್ತು. ಮುಲ್ಲಾ ಹೇಳಿದ ಕಡೆ ನಮ್ಮ ಓಟು ಬೀಳುತ್ತವೆಂದು ಅವರು ನಂಬಿದ್ದರು.

"ಮಸೂತಿ ಜಾಗ ನಮ್ಮಜ್ಜ ಕೊಟ್ಟದ್ದು. ನಮ್ಮ ದೊಡ್ಡ್ಯಾಗಿನ ಜಂಗ್ಲಿಸಾಬನ ಇನ್ನ ನಿಮ್ಮ ಮುಲ್ಲಾ."

ಜಂಗ್ಲಿಸಾಬ್ ಅವರ ಎತ್ತು ಕಾಯುವವ. ಹಬ್ಬಕ್ಕೊಮ್ಮೆ ಮಸೂತಿಗೆ ಬಂದು, ಹಿಂದಿನ ಸಾಲಿನಲ್ಲಿ ನಿಂತು, ಪಕ್ಕದವರನ್ನು ನೋಡಿ ನೋಡಿ ಬಗ್ಗುತ್ತಿದ್ದ.

ನಮ್ಮ ಓಣಿಯ ಮೆಹಬೂಬ್‌ಬೀ ಸೊಂಟ ನೆಟ್ಟಗೆ ಮಾಡಿದಳು. "ಹಂಗಾದ್ರ ನಿಮ್ಮ ಗುಡಿ ಪೂಜಾರಿನ್ನ ನಾವು ಆರಿಸಲೇನ್ರೀ ಗೌಡ್ರ?"

ಅವಳ ಪಕ್ಕದಲ್ಲಿದ್ದ ಆಚೆ ಓಣಿಯ ಬಸ್ಸಮ್ಮ ನಗು ತಡೆಯಲಾರದೆ ಕೆಮ್ಮಿದಳು.

"ಈ ರಂಡಿ ನಾಳಿಂದ ನನ್ನ ಗದ್ದ್ಯಾಗ ಕಾಲಿಡಬಾರ್ದು."

ಕೈಯಲ್ಲಿದ್ದ ಸಸಿ ಮುಗಿಸಿ, ಕಾಲುವೆಯಲ್ಲಿ ಕಾಲು ತೊಳೆದುಕೊಂಡು ಮೆಹಬೂಬ್‌ಬೀ ಮನೆಗೆ ಹೋದಳು.

ಶುಕ್ರವಾರ ಗೌಡರು ಮಸೂತಿಯ ಬಾಗಿಲೆದುರು ಕುರ್ಚಿ ಹಾಕಿಸಿಕೊಂಡು ಕೂತರು. ಅವರೇ ಕೊಡಿಸಿದ ಬಿಳಿ ಟೊಪ್ಪಿಗೆ ಹಾಕಿಕೊಂಡು ಜಂಗ್ಲಿಸಾಬ್ ಮುಂದೆ ನಿಂತ. ಹಿಂದೆ ನಾವು. ಅಂಗಿ ಬೆನ್ನಿಗೆ ಅಂಟುವಷ್ಟು ಬೆವತ ಮೇಲೆ ಅವನು ಬಾಗಿಲ ಕಡೆ ತಿರುಗಿದ.

"ಧಣೇರ, ನೀವಂದಂಗ ಮುಂದ ನಿಂತೀನ್ರಿ. ಇನ್ನ ಏನು ಓದ್ಲಿ, ಹೇಳಿಕೊಡ್ರಿ."

"ನಿಮ್ಮ ಓದು ನನಗೇನು ಗೊತ್ತಲೇ?"

"ನನಗೂ ಗೊತ್ತಿಲ್ರಿ. ಬಲ್ಲವ ಇಲ್ಲೇ ನಿಂತಾನ."

ಹಿಂದಕ್ಕೆ ಬಂದು ಸಾಲಿನಲ್ಲಿ ಸೇರಿಕೊಂಡು, ಜಿಲಾನಿಸಾಬನ ಬೆನ್ನಿಗೆ ಕೈಯಿಟ್ಟು ಮುಂದೆ ತಳ್ಳಿದ. ಗೌಡರು ಬೈಯತೊಡಗಿದರು. ಜಿಲಾನಿಸಾಬ್ ನಮಾಜು ಶುರು ಮಾಡಿದ. ನಾವೆಲ್ಲ ಹಣೆ ನೆಲಕ್ಕೆ ಹಚ್ಚಿದ್ದರಿಂದ ಗೌಡರು ಯಾವಾಗ ಎದ್ದು ಹೋದರೋ ಯಾರೂ ನೋಡಲಿಲ್ಲ.

ಮರುದಿನ ಬೆಳಿಗ್ಗೆ ಗೌಡರ ಆಳು ಆದೆಪ್ಪ ಕೂಲಿಗೆ ಕರೆಯಲು ಮೊದಲು ಬಸ್ಸಮ್ಮನ ಓಣಿಗೆ ಬಂದ. "ಜಂಗ್ಲಿಸಾಬನ್ನ ಕೆಲಸ ಬಿಡಿಸ್ಯಾರ. ಉಳದವ್ರು ಬರ್ರಿ."

ಬಸ್ಸಮ್ಮ ಅಂಗಳ ಗುಡಿಸುತ್ತಲೇ ಕೇಳಿದಳು. "ಮೆಹಬೂಬ್‌ಬೀನ್ನ ಕರದಾರೇನು?"

"ಇಲ್ಲ."

"ಹಂಗಾದ್ರ ಗೌಡ್ತೀನ್ನ ಕರಕೊಂಡು ಸಸಿ ಹಚ್ಚಿಕೋ ಅಂತ ಗೌಡ್ಗ ಹೇಳು."

ಹದಿನಾರು ಮನೆಯವರು ಹೋಗಲಿಲ್ಲ. ಬಸ್ಸಮ್ಮನ ಓಣಿಯವರೂ ಹೋಗಲಿಲ್ಲ. ಮಧ್ಯಾಹ್ನದ ತನಕ ಕಾಲುವೆಯ ನೀರು ಖಾಲಿ ಗದ್ದೆಗೆ ಹರಿಯುತ್ತಲೇ ಇತ್ತು. ಕಿತ್ತಿಟ್ಟ ಸಸಿಯ ಕಟ್ಟುಗಳು ಬದುವಿನ ಮೇಲೆ ಬಾಡುತ್ತಿದ್ದವು. ಅಂದಿನ ಕೂಲಿಯಿಲ್ಲದೆ ಎರಡೂ ಓಣಿಗಳಲ್ಲಿ ಒಲೆ ಹೊತ್ತಿರಲಿಲ್ಲ.