ಹೆದ್ದಾರಿಯ ಗೇರು

ಗೆಳೆಯನ ಹೆಣ ಮಲಗಿಸಿದ್ದ ಪಿಕಪ್‌ನ ಹಿಂಬಾಗಿಲ ಕೊಂಡಿ ಹಾಕುತ್ತಲೇ ನಾನು ಹೇಳಿಬಿಟ್ಟೆ: ಕಣ್ಣಿಗೆ ಬಟ್ಟೆ ಕಟ್ಟಿಕೊಂಡು, ಬರೀ ಟಯರು ಮೂಸಿ, ಹಿಂದಿನ ಆಕ್ಸಲ್ಲಿನೊಳಗೆ ಎಷ್ಟು ಹಲ್ಲಿನ ಗೇರಿದೆ ಎಂದು ಹೇಳಬಲ್ಲ ಮೆಕ್ಯಾನಿಕ್ ಈ ಭೂಮಂಡಲದಲ್ಲಿ ನಾನೊಬ್ಬನೇ.

"ಸತ್ತವನ ಎದುರಿಗಾದ್ರೂ ಸ್ವಲ್ಪ ಕಮ್ಮಿ ಬಿಡಪ್ಪ," ಎಂದ ಅವನ ಅಣ್ಣ.

"ಕಮ್ಮೀನೇ ಹೇಳಿದ್ದು ಅಣ್ಣ. ಈ ಮೂಗಿಗೆ ವಿಮೆ ಮಾಡಿಸಿ ಅಂತ ಮೂರು ಕಂಪನಿಯವ್ರು ಬಾಗಿಲಿಗೆ ಬಂದಿದ್ರು."

ಯಾರೋ ನಕ್ಕರು. ಹೆಣ ನೆನಪಾಗಿ ಆ ನಗುವನ್ನೇ ಕೆಮ್ಮು ಮಾಡಿಕೊಂಡರು. ಸತ್ತವನ ಮಗಳು ಮಾತ್ರ ನಗಲಿಲ್ಲ. ದೂರದ ನಗರದಲ್ಲಿ ಬಸ್ ಓಡಿಸುವವಳು. ಅಪ್ಪನ ಜೊತೆ ಮಾತು ಬಿಟ್ಟು ಮೂರು ವರ್ಷ. ಬೆಳಿಗ್ಗೆ ಬಂದವಳು ಅವನ ಮುಖದ ಕಡೆ ಸರಿಯಾಗಿ ನೋಡಲೂ ಇಲ್ಲ. "ಗಾಡಿ ನಾನೇ ಓಡಿಸ್ತೀನಿ," ಎಂದು ಕೀಲಿಗೆ ಕೈ ಚಾಚಿದಳು. ಹಿಂದೆ ಹೆಣದ ಸುತ್ತ ಹನ್ನೆರಡು ಜನ ಹತ್ತಿದರು. ನಾನು ಅವಳ ಪಕ್ಕ ಕೂತೆ.

*

ಇಪ್ಪತ್ತಾರು ವರ್ಷ ನನ್ನ ಗೆಳೆಯ ಪಿಕಪ್‌ನಲ್ಲಿ ಕ್ವಾರಿಯಿಂದ ಜಲ್ಲಿ ಹೊತ್ತ. ಸಿಡಿಮದ್ದಿನ ಸದ್ದಿಗೆ ಕಿವಿ ಮಂದವಾಗಿ, ಎಂಜಿನ್ನಿನ ಕೂಗನ್ನು ಅಂಗಾಲಿನಿಂದ ಕೇಳುವವನಾಗಿದ್ದ. ಕ್ವಾರಿ ಮುಚ್ಚಿದ ವರ್ಷವೇ ಹೆಂಡತಿ ಹಾಸಿಗೆ ಹಿಡಿದಳು. ಮಗಳ ಊರಿನ ಆಸ್ಪತ್ರೆಗೆ ಸೇರಿಸಿದರು. ಇನ್ನೂರೈವತ್ತು ಕಿಲೋಮೀಟರ್ ನೆಟ್ಟಗಿನ ಹೆದ್ದಾರಿ. ಪಿಕಪ್‌ನಲ್ಲಿದ್ದದ್ದು ದಿಬ್ಬ ಹತ್ತುವ ಗೇರು. ಬೆಟ್ಟವನ್ನೇ ಕಟ್ಟಿದರೂ ಎಳೆಯುತ್ತಿತ್ತು. ವೇಗ ಅರವತ್ತು ದಾಟಿದರೆ ಅದರ ಅರಚಾಟ ಚಂದ್ರಲೋಕಕ್ಕೆ ಕೇಳುತ್ತಿತ್ತು.

ಗುಜರಿಯಿಂದ ಹಿಂದಿನ ಆಕ್ಸಲ್ಲಿಗೆ ಹಾಕುವ ಎರಡು ಜೋಡಿ ಗೇರು ತಂದು ನನ್ನ ಷೆಡ್ಡಿನ ನೆಲದ ಮೇಲಿಟ್ಟೆವು.

"ಈಗಿರೋದ್ರಲ್ಲಿ ಚಕ್ರ ಒಂದು ಸುತ್ತು ಸುತ್ತೋಕೆ ಶಾಫ್ಟು ಐದು ಸುತ್ತಬೇಕು," ಎಂದು ಅವನ ಕಿವಿಯ ಹತ್ತಿರ ಕೂಗಿದೆ. "ಇದು ನಾಲ್ಕು, ಅದು ಮೂರೂವರೆ. ಮೂರೂವರೆ ಹಾಕಿಸ್ಕೋ, ಎಂಜಿನ್ನು ನಿದ್ದೆ ಮಾಡ್ಕೊಂಡು ಓಡ್ತದೆ."

"ಬರೋವಾಗ ಅವಳನ್ನ ಮಂಚದ ಸಮೇತ ಮಲಗಿಸ್ಕೊಂಡು ಬರ್ಬೇಕು ಕಣೋ. ಭಾರಕ್ಕೆ ಎಳೀದೆ ಹೋದ್ರೆ? ನಾಲ್ಕೇ ಇರ್ಲಿ."

"ನಿನ್ನ ಹೆಂಡ್ತಿ ಏನು ಜಲ್ಲಿ ಲೋಡಾ?"

"ಮದ್ವೇಲಿ ಹಂಗೇ ಇದ್ಲು," ಎಂದು ನಕ್ಕ. ಆಮೇಲೆ, "ಈಗ ಅರ್ಧ ಮೂಟೇನೂ ಇಲ್ಲ," ಎಂದ.

ತಿಂಗಳು ಕಳೆಯುವಷ್ಟರಲ್ಲಿ ಡಾಕ್ಟರು ಮನೆಗೆ ಕರೆದುಕೊಂಡು ಹೋಗಿ ಎಂದರು. ಅವನು ಪಿಕಪ್‌ನಲ್ಲಿ ಹಾಸಿಗೆ ಹಾಸಿಕೊಂಡು ಅವಳನ್ನು ತರಲು ಹೊರಟ. ಅರ್ಧ ದಾರಿ ದಾಟಿದ ಮೇಲೆ ಎಂಜಿನ್ನು ಸುಟ್ಟು ಹಿಡಿದುಕೊಂಡು ಗಾಡಿ ಅಲ್ಲೇ ನಿಂತಿತು. ಮರುದಿನ ಬೆಳಿಗ್ಗೆ ಅವಳು, ಗಾಡಿ ಬಂತಾ ಎಂದು ಮಗಳನ್ನು ಕೇಳಿ ಕೇಳಿ ಸತ್ತಳು.

"ಒಂದು ಗೇರು ಆರಿಸೋಕೆ ಬರ್ಲಿಲ್ವಾ ನಿಂಗೆ?" ಮಗಳು ಅಪ್ಪನಿಗೆ ಆಡಿದ ಕಡೆಯ ಮಾತು ಅದು.

ನಾನು ಎಂಜಿನ್ನು ಮತ್ತೆ ಕಟ್ಟಿಕೊಟ್ಟೆ. ಅವನು ಊರೊಳಗಿನ ಸಪಾಟು ರಸ್ತೆ ಬಿಟ್ಟು ಎಲ್ಲಿಗೂ ಹೋಗಲಿಲ್ಲ. ಹೋದ ವಾರ, ನೀರು ಗುಟುಕರಿಸಲೂ ಆಗದೆ ಮಲಗಿದ್ದಾಗ, ನನ್ನ ಕೈ ಹಿಡಿದು ಅಂದ: "ನೀನು ಸರಿಯಾಗೇ ಹೇಳಿದ್ದೆ. ಮೂರೂವರೆ ಹಾಕಿಸ್ಬೇಕಿತ್ತು."

*

ಸ್ಮಶಾನ ಊರಾಚೆಯ ದಿಬ್ಬದ ಮೇಲೆ. ಏರು ಶುರುವಾಗುತ್ತಲೇ ಅಣ್ಣ ಹಿಂದಿನಿಂದ ಕ್ಯಾಬಿನ್ನು ಬಡಿದ. "ನಿಲ್ಸಮ್ಮ, ಇಳಿದು ತಳ್ತೀವಿ! ಹೆದ್ದಾರಿ ಗೇರು ಹಾಕಿಸ್ಕೊಂಡ ಮಹಾರಾಯನ ಗಾಡಿ, ಇದು ಹತ್ತೋದುಂಟಾ?"

ಅವಳು ನಿಲ್ಲಿಸಲಿಲ್ಲ. ಮೂರನೇ ಗೇರಿನಲ್ಲಿದ್ದ ಗಾಡಿ ಒಮ್ಮೆಯೂ ಬಿಕ್ಕದೆ ದಿಬ್ಬ ಹತ್ತಿ ನಿಂತಿತು. ಅವಳು ಎಂಜಿನ್ನು ಆರಿಸಲಿಲ್ಲ.

"ನೋಡಿದ್ಯಾ?" ಎಂದೆ. "ನನ್ನ ಕೈಕೆಲಸ ಅಂದ್ರೆ—"

"ಮಾವ, ಹಿಂದೆ ಹನ್ನೆರಡು ಜನ, ಮೇಲೆ ಅಪ್ಪ. ಆಕ್ಸಲ್ಲಿನಲ್ಲಿ ನಾಲ್ಕರ ಜೋಡಿ ಇದ್ದಿದ್ರೆ ಮೂರನೇ ಗೇರಲ್ಲಿ ಅರ್ಧಕ್ಕೇ ನಿಲ್ತಿತ್ತು. ಒಳಗೆ ಏನಿದೆ?"

ಬಾಯಿ ತೆರೆದೆ. ನೂರು ಸುಳ್ಳು ನಾಲಿಗೆಯ ತುದಿಯಲ್ಲೇ ಇರುವವನು ನಾನು, ಒಂದೂ ಬರಲಿಲ್ಲ.

"ಐದು," ಎಂದೆ. "ಹಳೇದೇ."

ಅವಳು ಹ್ಯಾಂಡ್‌ಬ್ರೇಕ್ ಎಳೆದು ನನ್ನ ಕಡೆ ತಿರುಗಿದಳು.

"ಜೋಡಿಸೋವಾಗ ಹಲ್ಲಿಗೆ ಹಲ್ಲು ಸರಿಯಾಗಿ ಕೂರಿಸಲಿಲ್ಲ. ಮೊದಲ ಓಟದಲ್ಲೇ ಮುರಿದುಹೋಯ್ತು. ನನ್ನಿಂದ ಆಗಲಿಲ್ಲ ಅಂತ ಹೇಳೋಕೆ ಬಾಯಿ ಬರ್ಲಿಲ್ಲಮ್ಮ. ರಾತ್ರೋರಾತ್ರಿ ಹಳೇದನ್ನೇ ಹಾಕ್ದೆ. ಕಾಲಿಗೆ ಅದುರೋದು ಗೊತ್ತಾಗ್ಬಾರ್ದು ಅಂತ ಮ್ಯಾಟಿನ ಕೆಳಗೆ ಎರಡು ಕಂಬಳಿ ಹಾಸಿದೆ. ಎಂಬತ್ತರಲ್ಲಿ ಬೇಕಾದ್ರೂ ಓಡಿಸು ಅಂದೆ. ಅದುರೋದೇ ನಿಂತ್ಹೋಯ್ತಲ್ಲೋ ಅಂತ ಅವನು ನನ್ನನ್ನ ತಬ್ಬಿಕೊಂಡ."

"ಆಮೇಲಾದ್ರೂ ಅಪ್ಪಂಗೆ ಹೇಳಿದ್ರಾ?"

"ಇಲ್ಲ."

"ಹೋದ ವಾರ?"

"ಇಲ್ಲಮ್ಮ."

ಹಿಂಬಾಗಿಲು ಧಡಾರನೆ ತೆರೆದುಕೊಂಡಿತು. ತಲೆ ಮೇಲಿನ ಕನ್ನಡಿಯಲ್ಲಿ ಅವನ ಪಾದಗಳಷ್ಟೇ ಕಾಣುತ್ತಿದ್ದವು. ಅವಳು ಕೈ ಎತ್ತಿ ಕನ್ನಡಿಯನ್ನು ಇಷ್ಟಿಷ್ಟೇ ತಿರುಗಿಸತೊಡಗಿದಳು: ಮೊಣಕಾಲು, ಎದೆಯ ಮೇಲಿಟ್ಟ ಕೈ, ಅಂಗಿಯ ಕತ್ತುಪಟ್ಟಿ. ಮುಖ ಸಿಗುವಷ್ಟರಲ್ಲಿ ಹಿಂದಿದ್ದವರು ಅವನನ್ನು ಕೆಳಗಿಳಿಸಿಯಾಗಿತ್ತು.