ಸುಟ್ಟ ಫ್ರಿಜ್ಜಿನ ಕೀಲಿ

"ಮನಿಯಾಗ ಫ್ರಿಜ್ಜು ಇಟ್ಕೊಂಡು ಬಡವಿ ಅಂತೀಯಲ್ಲ, ನಾಚ್ಗಿ ಅನ್ನೋದು ತೊಳಕೊಂಡು ಕುಡ್ದೀಯೇನು?" ಎಂದ, ರೇಷನ್ ಕಾರ್ಡಿನ ತಪಾಸಣೆಗೆ ಬಂದಿದ್ದ ಆಂಜನೇಯ.

ಪಕ್ಕೀರವ್ವ ಮೂಲೆಯತ್ತ ನೋಡಿದಳು. ಅವಳು ಭತ್ತದ ನಾಟಿಗೆ ಹೋಗುವ ಶ್ರೀರಾಮನಗರದ ಧಣಿ, ಸುಟ್ಟುಹೋದ ಫ್ರಿಜ್ಜನ್ನು ಎರಡು ದಿನದ ಕೂಲಿಯ ಬದಲು ಅವಳ ಕೊರಳಿಗೆ ಕಟ್ಟಿದ್ದ. ವೈರು ಇರಲಿಲ್ಲ, ಬಾಗಿಲು, ಕೀಲಿ ಗಟ್ಟಿಯಾಗಿದ್ದವು. ಹುಲಿಹೈದರದ ಆ ಓಣಿಯಲ್ಲಿ ಇಲಿಯ ಬಾಯಿಗೆ ಬೀಳದೆ ಉಳಿದ ರೊಟ್ಟಿಯೆಂದರೆ ಅದರೊಳಗಿನದೇ. ನಾಟಿಗೆ ಹೊರಡುವ ಮುನ್ನ ಹದಿನೈದು ದಿನಕ್ಕಾಗುವಷ್ಟು ಕಟಕ ರೊಟ್ಟಿ ಬಡಿದು ಅದರಲ್ಲೇ ಪೇರಿಸುತ್ತಿದ್ದಳು.

"ಅದು ಕೆಟ್ಟೈತ್ರಿ ಸಾಹೇಬ್ರ. ರೊಟ್ಟಿ ಇಡ್ತೀನಿ."

"ಕೆಟ್ಟಿದ್ದಕ್ಕ ನಮ್ಮ ಪಟ್ಟಿಯಾಗ ಜಾಗಾ ಇಲ್ಲ. ಈ ಓಣ್ಯಾಗ ಬಡತನ ಹತ್ತು ಮನಿ ಇಳೀಬೇಕಂತ ಮ್ಯಾಲಿನವರ ಹುಕುಂ. ಒಂಬತ್ತು ಇಳಿಸೀನಿ."

"ಹತ್ತನೇದು ನಾನ?"

"ನೀನ. ಕಾರಟಗಿ ಕಡೆ ನೋಡು, ಎಷ್ಟು ಅಕ್ಕಿ ಗಿರಣಿ ಅದಾವ. ಎಲ್ಲಾ ಕೂಡಿಸಿ ಸರಾಸರಿ ತೆಗದ್ರ ನೀನೂ ಶ್ರೀಮಂತಿ."

"ಅವರು ಉಂಡ್ರ ನನಗ ತೇಗು ಬರ್ತೈತೇನ್ರಿ? ಮನಿಯಾಗ ಐದು ಬಾಯಿ ಅದಾವ. ಕಾರ್ಡಿನ ಅಕ್ಕಿ ನಿಂತ್ರ ಮಣ್ಣು ತಿನ್ನಸ್ಲೇನು?"

"ಅದನ್ನ ಬರ್ಕೊಳ್ಳಾಕ ನಾ ಬಂದಿಲ್ಲ."

ಬಾಗಿಲಲ್ಲಿ ನಿಂತಿದ್ದ ಪಕ್ಕದ ಮನೆಯ ಓಬಳೆಪ್ಪ ಕೆಮ್ಮಿದ. ಅವನು ಕೋಳಿ ಕಾವಿಗೆ ಕೂಡಿಸಿದ್ದ ಗಾಲಿಯಿಲ್ಲದ ಬೈಕನ್ನು ವಾಹನವೆಂದು ಬರೆದು, ಬೆಳಗ್ಗೆಯೇ ಅವನ ಬಡತನವನ್ನೂ ಇಳಿಸಲಾಗಿತ್ತು.

ಅಷ್ಟರಲ್ಲಿ ತೊಲೆಯಿಂದ ಒಂದು ಹೆಗ್ಗಣ ಜಾರಿ ಸಾಹೇಬನ ಬೂಟಿನ ಮೇಲೆಯೇ ಬಿತ್ತು. ಆಂಜನೇಯ ಪಟ್ಟಿಯ ಫೈಲನ್ನು ಎದೆಗವಚಿಕೊಂಡು ಹೊರಸಿನ ಮಂಚದ ಮೇಲೆ ಹತ್ತಿ ನಿಂತ.

"ನಿನ್ನ ಹೆಣಾ ಎತ್ಲಿ, ಸೂಳೆಮಗನ," ಎಂದಳು ಪಕ್ಕೀರವ್ವ. ಕಣ್ಣು ಹೆಗ್ಗಣದ ಮೇಲೇ ಇತ್ತು. "ಕಾಗದಾ ಕಂಡ್ರ ಬಿಡಾಂಗಿಲ್ರಿ ಇವು. ಹ್ವಾದ ವರ್ಷ ನನ್ನ ಆಧಾರ್ ಕಾರ್ಡು ತಿಂದಾವ."

"ಏ, ಮೂರು ಗಂಟಿಗೆ ಈ ಪಟ್ಟಿ ಆಫೀಸಿಗೆ ಮುಟ್ಟಬೇಕು. ಇರೋದು ಇದೊಂದ."

"ಕೊಡ್ರಿ, ಭದ್ರ ಇಡ್ತೀನಿ. ನೀವು ಎರಡು ರೊಟ್ಟಿ ತಿನ್ರಿ, ಬಿಸಲಾಗ ಬಂದೀರಿ."

ಹಸಿದಿದ್ದ ಸಾಹೇಬ ಫೈಲು ಕೊಟ್ಟ. ಪಕ್ಕೀರವ್ವ ಫ್ರಿಜ್ಜು ತೆರೆದು ರೊಟ್ಟಿಯನ್ನೆಲ್ಲ ಬುಟ್ಟಿಗೆ ತೆಗೆದಳು. ಫೈಲು ಒಳಗಿಟ್ಟು ಕೀಲಿ ತಿರುವಿ, ಸೆರಗಿನ ತುದಿಗೆ ಗಂಟು ಹಾಕಿಕೊಂಡಳು.

"ಕೀಲಿ ಯಾಕ?"

"ಇಲ್ಲಿ ಇಲಿ ಭಾಳ ಶಾಣ್ಯಾ ಅದಾವ್ರಿ."

ಆಂಜನೇಯ ಶೇಂಗಾ ಚಟ್ನಿ ಹಚ್ಚಿಕೊಂಡು ನಾಲ್ಕು ರೊಟ್ಟಿ ಮುರಿದು ತಿಂದ. ಕೈ ತೊಳೆದು, "ತಾ," ಎಂದ.

ಪಕ್ಕೀರವ್ವ ಫ್ರಿಜ್ಜಿನ ಬಾಗಿಲಿಗೆ ಬೆನ್ನು ಕೊಟ್ಟು ಕುಳಿತಿದ್ದಳು.

"ಇದು ಬರೀ ರೊಟ್ಟಿ ಇಡೋ ಡಬ್ಬಿ ಅಂತ ಬರದು ಕೊಡ್ರಿ, ತೆಗೀತೀನಿ. ಫ್ರಿಜ್ಜು ಅಂದ್ರ, ನಿಮ್ಮ ಪಟ್ಟಿ ಇನ್ನೂ ತಂಪಾಗಿಲ್ಲ. ಆದ ಕೂಡ್ಲೆ ಹೇಳಿ ಕಳಸ್ತೀನಿ."

"ಹುಚ್ಚ ರಂಡಿ, ಟೈಮ್ ಎರಡೂವರಿ ಆತು."

ಓಬಳೆಪ್ಪ ಒಳಬಂದು ಅವಳ ಪಕ್ಕದಲ್ಲಿ ಬೆನ್ನು ಕೊಟ್ಟು ಕುಳಿತ. ಬಡತನ ಇಳಿದ ಉಳಿದ ಮನೆಗಳವರೂ ಒಬ್ಬೊಬ್ಬರಾಗಿ ಹೊಸ್ತಿಲು ದಾಟಿದರು. ಪಕ್ಕೀರವ್ವ ರೊಟ್ಟಿ ಬುಟ್ಟಿಯನ್ನು ಅವರತ್ತ ಸರಿಸಿದಳು.