ಒಂದೇ ಅಂಚಿಗೆ ಗೋಂದು

ಗೋಂದಪ್ಪನವರು ಜೀವಮಾನದಲ್ಲಿ ಒಂದೇ ಒಂದು ಚೀಟಿಗೆ ಪೂರ್ತಿ ಗೋಂದು ಹಚ್ಚಿದ್ದರು. ಸೇವಾ ನಿಯಮಗಳ ಗ್ರಂಥಕ್ಕೆ ತಿದ್ದುಪಡಿ ಬಂದಾಗಲೆಲ್ಲ, ಚೀಟಿಯ ಮೇಲಂಚಿಗಷ್ಟೇ ಗೋಂದು ಸವರಿ ಹಳೆಯ ನಿಯಮದ ಮೇಲೆ ಇಳಿಬಿಡುವುದು ಅವರ ಪದ್ಧತಿ. ಬೇಕೆಂದಾಗ ಎತ್ತಿ ಕೆಳಗಿನದನ್ನೂ ಓದಬಹುದಿತ್ತು. ಗೋಂದಪ್ಪ ಎಂಬ ಅಡ್ಡಹೆಸರಿಟ್ಟು ಮೊದಲು ನಕ್ಕವನು ಪಕ್ಕದ ಮೇಜಿನ ಗುಮಾಸ್ತನಾದ ನಾನೇ.

ಗೋಂದು ಒಣಗಿ ಗಡುಸಾದ ತೋಳಿನ ಕಂದು ಕೋಟು, ಗ್ರಂಥವನ್ನು ಎದೆಗವಚಿಕೊಂಡ ನಿಧಾನದ ನಡಿಗೆ, ಏನು ಕೇಳಿದರೂ "ನೋಡಿ ಹೇಳ್ತೀನಿ" ಎಂಬ ಉತ್ತರ. ಊಟ ಆಯಿತೇ ಎಂದರೂ ಅದನ್ನೇ ಹೇಳಿಯಾರೆಂದು ನಾವು ಗೇಲಿ ಮಾಡುತ್ತಿದ್ದೆವು.

ಸರ್ಕಾರಿ ನೌಕರರ ಸಂಬಳ, ಬಡ್ತಿ, ನಿವೃತ್ತಿಯ ನಿಯಮಗಳನ್ನೆಲ್ಲ ಹೊಸದಾಗಿ ಬರೆಯಲು ಸಮಿತಿಯೊಂದು ಕೂತಿತು. ರದ್ದಾಗಲಿದ್ದ ಹಳೆಯ ಗ್ರಂಥವನ್ನು ಕೊನೆಯ ಸಲ ಓದಿ ಒಪ್ಪಿಸುವ ಹೊಣೆ ಗೋಂದಪ್ಪನವರದಾಯಿತು. ಅವರ ಸೇವೆ ಇನ್ನು ಎರಡೇ ತಿಂಗಳು. ನಮಗೆ ನೀರು ತಂದುಕೊಡುವ ಅಕ್ಕನಿಗೆ ಅದಕ್ಕೂ ಕಡಿಮೆ. ಕೆಲಸ ಕಾಯಂ ಆಗುವ ಮುಂಚೆ ದಿನಗೂಲಿಯಲ್ಲಿ ದುಡಿದ ಹನ್ನೊಂದು ವರ್ಷ ಲೆಕ್ಕಕ್ಕಿಲ್ಲ, ಆದ್ದರಿಂದ ಪಿಂಚಣಿಯೂ ಇಲ್ಲವೆಂದು ಆಕೆಗೆ ಹೇಳಿದ್ದವರು ಗೋಂದಪ್ಪನವರೇ.

ಓದುತ್ತ ಓದುತ್ತ ಅವರ ಬೆರಳು ನಿಂತಿತು. ನಲವತ್ತೊಂದನೆಯ ನಿಯಮದ ನಂತರ ನೇರ ನಲವತ್ತಮೂರು! ನೌಕರಿಗೆ ಸೇರಿದ ಮೊದಲ ವಾರ, ಸಾಹೇಬರು ಬೆನ್ನ ಹಿಂದೆ ನಿಂತು ಅವಸರಪಡಿಸಿದಾಗ ಗಟ್ಟಿಯಾಗಿ ಅಂಟಿಸಿದ ಚೀಟಿ ಅದು. ಅಕ್ಕ ತಂದಿಟ್ಟ ಬಿಸಿನೀರಿನಲ್ಲಿ ಕರವಸ್ತ್ರ ಅದ್ದಿ, ಒತ್ತಿ, ಮೆಲ್ಲಗೆ ಬಿಡಿಸಿದರು. ಬದಲಾಗಬೇಕಿದ್ದದ್ದು ನಲವತ್ತೊಂದು ಮಾತ್ರ. ಅಗಲವಾದ ಚೀಟಿ ಕೆಳಗಿನದನ್ನೂ ಮುಚ್ಚಿತ್ತು. ಕಾಯಂ ಆದವರ ದಿನಗೂಲಿಯ ವರ್ಷಗಳೂ ಸೇವೆಯೇ ಎನ್ನುತ್ತಿತ್ತು ಆ ನಲವತ್ತೆರಡು.

"ಅಕ್ಕಾ, ನಿಮ್ಮ ಹನ್ನೊಂದು ವರ್ಷ ಇಲ್ಲೇ ಇತ್ತು. ನಾನೇ ಮುಚ್ಚಿಟ್ಟಿದ್ದೆ."

"ಸಿಕ್ತಲ್ಲ, ಬಿಡಿ ಸಾರ್."

"ಹೇಗೆ ಬಿಡ್ಲಿ? ನಿಮಗಿಂತ ಮುಂಚೆ ಆರು ಜನರಿಗೆ ಇಲ್ಲ ಅಂತ ಹೇಳಿ ಕಳಿಸಿದೀನಿ."

ನಾನು ಹತ್ತಿರ ಹೋಗಿ ಪಿಸುಗುಟ್ಟಿದೆ: "ಅಕ್ಕನ ಕೆಲಸ ಮಾಡ್ಕೊಟ್ಟು ಸುಮ್ನಿರಿ ಸಾರ್. ಹೋಗೋ ಕಾಲದಲ್ಲಿ ಯಾಕೆ ಮೈಮೇಲೆ ಎಳ್ಕೊಳ್ತೀರಿ?"

ಅವರು "ನೋಡಿ ಹೇಳ್ತೀನಿ" ಎನ್ನಲಿಲ್ಲ. "ನೋಡಿ ಆಯ್ತು" ಎಂದರು.

ತಪ್ಪು ತಮ್ಮದೆಂದು ಸಹಿ ಮಾಡಿದ ವರದಿ ಅಂದೇ ಸಮಿತಿಗೆ ಹೋಯಿತು. ನಲವತ್ತೆರಡನೆಯ ನಿಯಮ ಹೊಸ ಗ್ರಂಥದಲ್ಲೂ ಉಳಿಯಿತು. ಅಕ್ಕನಿಗೂ ಆ ಆರು ಮಂದಿಗೂ ಪಿಂಚಣಿ ಬಂತು. ಗೋಂದಪ್ಪನವರದು ಮಾತ್ರ ವಿಚಾರಣೆ ಮುಗಿಯುವವರೆಗೆ ಒಂದೂವರೆ ವರ್ಷ ತಡೆಯಲ್ಲಿತ್ತು. ನನಗೆ ನಾಚಿಕೆಯಾಯಿತು, ಆ ಅಡ್ಡಹೆಸರಿನಿಂದ ಅವರನ್ನು ಗೇಲಿ ಮಾಡುವುದನ್ನು ಬಿಟ್ಟೆ.

ನಿಯಮ ಮಾಡಿದವರ ಹೆಸರು ಆದೇಶದ ಕೆಳಗೆ ಅಚ್ಚಾಗುತ್ತದೆ. ತಪ್ಪಾಗಿ ಅಂಟಿಸಿದವನ ಹೆಸರು ಎಲ್ಲಿಯೂ ಇರುವುದಿಲ್ಲ. ಯಾರೂ ಕೇಳದಿದ್ದರೂ ಅದನ್ನು ತಾವಾಗಿ ಬರೆದುಕೊಡುವವರು ಕಚೇರಿಗೊಬ್ಬರು ಇದ್ದರೆ ಹೆಚ್ಚು. ಅಂಥವರನ್ನು ನಂಬಿಯೇ ಅಕ್ಕನಂಥವರು ನಮ್ಮ ಬಾಗಿಲಿಗೆ ಬರುತ್ತಾರೆ.